ಎಂಟರ ಮುಂದೆ ಎರಡು ಸೊನ್ನೆ

ಮೌಸಿನ ಮೇಲಿಂದ ಫಿರ್ದೌಸಳ ಕೈ ಸರಿಸಿ, ಮಲ್ಲೇಶ್ವರಿ ಕನ್ನಡಕವನ್ನು ಮೂಗಿನ ತುದಿಗೆ ಎಳೆದುಕೊಂಡಳು. ಪರದೆಯ ಮೇಲೆ ನೆಟ್‌ವರ್ಕ್ ಸೆಟ್ಟಿಂಗಿನ ಪುಟ್ಟ ಕಿಟಕಿ ತೆರೆದಿತ್ತು. ಡಿಎನ್‌ಎಸ್ ಎಂದು ಬರೆದ ಕಡೆ ಎರಡು ಖಾನೆ. ಮೊದಲನೆಯದರಲ್ಲಿ ನಾಲ್ಕು ಎಂಟು. ಎರಡನೆಯದರಲ್ಲಿ ಎರಡು ಎಂಟು, ಎರಡು ನಾಲ್ಕು.

ಮೂರು ದಿನದಿಂದ ಆ ಮನೆಯವರು ಈ ಎಂಟು ಅಂಕಿಗಳನ್ನೇ ಕಳ್ಳರೆಂದು ಬೈಯುತ್ತಿದ್ದರು.

"ಇವೇ ನೋಡ್ರಿ," ಎಂದಳು ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದ ಅರ್ಜುಮಂದ. "ಈ ನಂಬರ್ ಹಾಕಿದ ಮರುದಿನಾನೇ ಅಬ್ಬಾಂದು ಎಲ್ಲಾ ಹೋಗ್ಯಾವ. ನಂಬರ್ ಕೊಟ್ಟಾಕಿ ಇಲ್ಲೇ ಕುಂತಾಳ."

ನಂಬರ್ ಕೊಟ್ಟವಳು ಅತ್ತಿಗೆ ಫಿರ್ದೌಸ್. ಶಹಾಪುರದಲ್ಲಿ ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿ ಇಟ್ಟವಳು. ಗಂಡ ಲಾರಿಯ ಮೇಲೆ ಪುಣೆಗೆ ಹೋದರೆ ಹದಿನೈದು ದಿನ ಇತ್ತ ಮುಖ ಹಾಕುವುದಿಲ್ಲ. ಇನ್ನು ಅರ್ಜುಮಂದ ಯಾದಗಿರಿಯಲ್ಲಿ ಟೀಚರು, ತವರಿಗೆ ಬಂದರೂ ಹಾಜರಿ ಕರೆಯುವ ದನಿಯಲ್ಲೇ ಮಾತಾಡುತ್ತಾಳೆ. ಅಂಥ ನಾದಿನಿಯ ಮುಂದೆ ಬಾಯಿಬಿಟ್ಟು ಉಪಯೋಗವಿಲ್ಲವೆಂದು ಫಿರ್ದೌಸಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಹೋದದ್ದೇನು ಸಣ್ಣ ಸಾಮಾನೇ? ರಂಗಂಪೇಟೆಯ ರೇಡಿಯೋ ಮಿಸ್ತ್ರಿ ಸುಲ್ತಾನಸಾಬ ಮೂವತ್ತು ವರ್ಷ ಮೊಹರಮ್ಮಿನಲ್ಲಿ ಊರೂರು ಅಲೆದು, ರಿವಾಯತ್ ಪದ ಹಾಡುವವರ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತು ತುಂಬಿಸಿಟ್ಟ ನಲವತ್ತೊಂದು ಕ್ಯಾಸೆಟ್ಟು. ಒಂದೊಂದರ ಶುರುವಿಗೂ ಅವನದೇ ದನಿ: ಇಂಥ ಊರು, ಇಂಥ ವರ್ಷ, ಹಾಡುವವರು ಇಂಥವರು, ಕೇಳಿರಿ. ಕ್ಯಾಸೆಟ್ಟಿಗೆ ಬೂಜು ಹಿಡಿಯಿತೆಂದು ಅರ್ಜುಮಂದ ಎಲ್ಲವನ್ನೂ ಯಾದಗಿರಿಗೆ ಒಯ್ದು, ಕಂಪ್ಯೂಟರಿಗೆ ಇಳಿಸಿ, ಆನ್‌ಲೈನ್ ಖಾತೆಯೊಂದರಲ್ಲಿ ಇಟ್ಟಿದ್ದಳು. ಬೂಜಿನ ಕ್ಯಾಸೆಟ್ಟುಗಳು ಗುಜರಿಗೆ ಹೋದವು.

ಈ ಶುಕ್ರವಾರಕ್ಕೆ ಸುಲ್ತಾನಸಾಬ ತೀರಿ ಒಂದು ವರ್ಷ. ಅಂದು ಗಂಡನ ದನಿ ಮನೆಯಲ್ಲಿ ಕೇಳಬೇಕೆಂಬುದು ಖುರ್ಷೀದಬೇಗಂಳ ಒಂದೇ ಆಸೆ. ಮುದುಕಿಯ ಕಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತದೆ, ಇನ್ನು ಉಳಿದಿರುವುದು ಕಿವಿಯೊಂದೇ. ಈಗ ನೋಡಿದರೆ ಖಾತೆಯೂ ಖಾಲಿ, ಕಂಪ್ಯೂಟರೂ ಖಾಲಿ. ಇವತ್ತು ಬುಧವಾರ.

ಮಲ್ಲೇಶ್ವರಿ ಪೊಲೀಸಿನವಳಲ್ಲ. ಟೆಲಿಫೋನನ್ನು ಕೈಯಿಂದ ಹಚ್ಚಿಕೊಡುವ ಕಾಲದಲ್ಲಿ ಈ ಊರಿನ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಆಮೇಲೆ ಯಾದಗಿರಿಯ ಕೌಂಟರಿನಲ್ಲಿ ಕೂತು ಕೂದಲು ಹಣ್ಣು ಮಾಡಿಕೊಂಡು ರಿಟೈರಾದಳು. ಸುಮ್ಮನೆ ಕೂರಲು ಬಾರದೆ, ಕಳೆದದ್ದನ್ನು ಹುಡುಕಿಕೊಡುವ ಚಟ ಹಚ್ಚಿಕೊಂಡಿದ್ದಾಳೆ. ಸುರಪುರ ಕಡೆಯ ಹಳಬರು ಅವಳನ್ನು ಇವತ್ತಿಗೂ ಕರೆಯುವುದು ಫೋನಿನ ಬಾಯಿ, ಅಂದರೆ ಫೋನಿನ ಅಮ್ಮಾವ್ರು, ಎಂದೇ.

ಅವಳು ಕುರ್ಚಿ ತಿರುಗಿಸಿ ಅರ್ಜುಮಂದಳಿಗೆ ಕೂರಲು ಹೇಳಿದಳು. ಟೀಚರಿಗೆ ಪಾಠ ಮಾಡುವ ಅವಕಾಶ ದಿನಾ ಸಿಗುವುದಿಲ್ಲ.

ಹಿಂದೆ ಜನ ಫೋನೆತ್ತಿ ನಂಬರ್ ಹೇಳುತ್ತಿರಲಿಲ್ಲ, ಹೆಸರು ಹೇಳುತ್ತಿದ್ದರು. ಅಡತಿ ಶ್ರೀಮಂತಪ್ಪ, ಹತ್ತಿ ಮಿಲ್ಲು, ದವಾಖಾನೆ, ಇಷ್ಟೇ. ಹೆಸರಿನ ನಂಬರ್ ಯಾವುದೆಂದು ನೆನಪಿಟ್ಟುಕೊಂಡು ಹಚ್ಚಿಕೊಡುವುದು ಮಲ್ಲೇಶ್ವರಿಯ ಕೆಲಸ. ಈ ಡಿಎನ್‌ಎಸ್ ಎಂಬುದೂ ಅಂಥದ್ದೇ ಒಂದು ಬಾಯಿ. ಕಂಪ್ಯೂಟರು ಹೆಸರು ಹೇಳುತ್ತದೆ, ಅದು ನಂಬರ್ ಹುಡುಕಿ ಕೊಡುತ್ತದೆ. ಒಂದು ಬಾಯಿಗೆ ಕಿವಿ ಮಂದವಾದರೆ ಇನ್ನೊಂದನ್ನು ಕೇಳು ಎಂದು ಕಂಪ್ಯೂಟರಿಗೆ ಹೇಳಬಹುದು, ಈ ನಾಲ್ಕು ಎಂಟು ಅಂದರೆ ಅಷ್ಟೇ. ದುನಿಯಾದ ಅರ್ಧ ಮಂದಿ ಕೇಳುವ ಬಾಯಿ ಅದು, ಫಿರ್ದೌಸಳ ಗುಟ್ಟಿನ ನಂಬರೇನಲ್ಲ.

"ನಾ ಏಳು ವರ್ಷ ಈ ಊರಿಗೆಲ್ಲಾ ನಂಬರ್ ಹಚ್ಚೀನಿ," ಎಂದಳು ಮಲ್ಲೇಶ್ವರಿ. "ಒಬ್ಬರ ಮನಿಯಿಂದನೂ ಒಂದು ಚಮಚ ಕದ್ದಿಲ್ಲ. ನಂಬರ್ ಹೇಳೋರಿಗೆ ಮನಿಯೊಳಗ ಕೈ ಹಾಕಾಕ ಬರಂಗಿಲ್ಲವ್ವ. ಇಲ್ಲಿ ಕುಂತು, ಕೈಯಾರೆ ಅಳಿಸ್ಯಾರ ಯಾರೋ."

ಅರ್ಜುಮಂದ ಒಪ್ಪಲಿಲ್ಲ. ಹಾಗಾದರೆ ಇಲ್ಲಿ ಕೂತಿದ್ದು ಯಾರು ಎಂದು ಕೇಳಿದಳು.

ಅದನ್ನು ಹೇಳಬೇಕಾದವಳು ಮಂಚದ ಮೇಲಿದ್ದಳು. ಖುರ್ಷೀದಬೇಗಂ ಎಲೆ ಮಡಿಸುತ್ತ ಮೆಲ್ಲಗೆ ಹೇಳಿದ್ದಿಷ್ಟು. ಭಾನುವಾರ ಬೆಳಿಗ್ಗೆ ಖಾತೆಯಿಂದ ಪದಗಳನ್ನು ಇಳಿಸಿಕೊಳ್ಳಲು ಹಚ್ಚಿದ್ದರು. ಒಂದೊಂದು ಪೂರ್ತಿ ಇಳಿದಾಗ ಕಂಪ್ಯೂಟರು ಟಿಣ್ ಅನ್ನುವ ಹಾಗೆ ಮಾಡಿಟ್ಟು ಅರ್ಜುಮಂದ ಯಾದಗಿರಿಗೆ ಹೋಗಿದ್ದಳು. ಮಧ್ಯಾಹ್ನದವರೆಗೆ ಒಂದೇ ಒಂದು ಟಿಣ್. ಬೇಸತ್ತ ಮುದುಕಿ ಸೊಸೆಗೆ ಫೋನ್ ಮಾಡಿದಳು. ಡಿಎನ್‌ಎಸ್ ಬದಲಿಸಿ ನೋಡೋಣ, ಸಂಜೆ ಬಂದು ನಾನೇ ಮಾಡುತ್ತೇನೆ ಎಂದಳು ಸೊಸೆ. ಆದರೆ ಮೂರರ ಹೊತ್ತಿಗೆ ಒಬ್ಬ ಗಂಡಸು ಬಂದ. ಗಂಟಲು ಕಟ್ಟಿದವನ ಹಾಗೆ, ಫಿರ್ದೌಸ್ ಕಳಿಸ್ಯಾಳ ಎಂದ. ವೈರು ಜಗ್ಗಿದ, ಕಂಪ್ಯೂಟರಿನ ಮುಂದೆ ಒಂದೂವರೆ ತಾಸು ಕೂತ. ಚಾ ಬೇಡವೆಂದ, ನೀರು ಕುಡಿದ, ಹೋದ. ಅವನು ಕೂತಿರುವಾಗಲೇ ಟಿಣ್ ಟಿಣ್ ಎಂದು ನಲವತ್ತು ಸಲ ಆಗಿತ್ತು, ಮುದುಕಿ ಬೆರಳು ಮಡಿಸಿ ಎಣಿಸಿದ್ದಳು. ಖುಷಿಯಲ್ಲಿ ಅವನಿಗೆ ದುವಾ ಮಾಡಿ ಕಳಿಸಿದಳು. ಸೋಮವಾರ ಬೆಳಿಗ್ಗೆ ಅರ್ಜುಮಂದ ಬಂದು ನೋಡಿದರೆ ಎಲ್ಲವೂ ಬಯಲು. ಅಳಿಸಿದ್ದು ಬೀಳುವ ಬುಟ್ಟಿಯನ್ನೂ ಕಳ್ಳ ಬರಿದು ಮಾಡಿದ್ದ.

"ನಾ ಯಾರನ್ನೂ ಕಳಿಸಿಲ್ಲ, ಅಮ್ಮೀ," ಎಂದಳು ಫಿರ್ದೌಸ್, ಅಷ್ಟೊತ್ತಿಗೆ ಮೊದಲ ಸಲ ಬಾಯಿಬಿಟ್ಟು.

ಅರ್ಜುಮಂದ ತನ್ನ ತೀರ್ಮಾನವನ್ನು ಮುಚ್ಚಿಡಲಿಲ್ಲ. ಸಂಜೆ ಐದರೊಳಗೆ ದನಿ ಸಿಗದಿದ್ದರೆ ಫಿರ್ದೌಸ್ ಹುಣಸಗಿಯ ತವರಿಗೆ ಹೋಗಬೇಕು, ಶುಕ್ರವಾರ ಮಾವನ ವರ್ಷದ ಫಾತೇಹಾಕ್ಕೆ ಈ ಹೊಸ್ತಿಲು ತುಳಿಯಕೂಡದು. ಅಣ್ಣನಿಗೂ ಫೋನಿನಲ್ಲಿ ಹೇಳಿಯಾಗಿದೆ. ಖುರ್ಷೀದಬೇಗಂ ಬೇಡ ಎನ್ನಲು ಬಾಯಿ ತೆರೆದು, ಮಗಳ ದನಿ ಕೇಳಿ ಮುಚ್ಚಿದಳು.

ಮಲ್ಲೇಶ್ವರಿಯ ತಲೆಯಲ್ಲಿ ಮಾತ್ರ ಆ ನಲವತ್ತು ಟಿಣ್ ಕೂತುಬಿಟ್ಟಿತ್ತು.

ನಂಬರ್ ಹೇಳುವವಳು ಚುರುಕಾದರೆ ಕಾಲ್ ಬೇಗ ಸಿಗುತ್ತದೆ. ಸಿಕ್ಕ ಮೇಲೆ ಮಾತು ಬೇಗ ಓಡುವುದಿಲ್ಲ. ಡಿಎನ್‌ಎಸ್ ಬದಲಿಸಿದರೆ ಅಲ್ಪಸ್ವಲ್ಪ ಲಾಭ ಇದ್ದೀತು, ಅರ್ಧ ದಿನಕ್ಕೆ ಒಂದು ಇಳಿಯುತ್ತಿದ್ದದ್ದು ಒಂದೂವರೆ ತಾಸಿಗೆ ನಲವತ್ತು ಇಳಿಯುವಷ್ಟಂತೂ ಅಲ್ಲ. ಹಾಗಾದರೆ ಓಡಿಸಿದ್ದು ಬೇರೆ ಏನೋ. ಬಂದವನು ಮೊದಲು ಜಗ್ಗಿದ್ದು ವೈರು.

ಅವಳು ಸೆರಗು ಸಿಗಿಸಿ ನೆಲಕ್ಕೆ ಮೊಣಕಾಲೂರಿದಳು. ಮುಂದಿನ ಕೋಣೆಯಲ್ಲಿ, ಹಿಂದೆ ಸುಲ್ತಾನಸಾಬನ ಅಂಗಡಿಯಿದ್ದ ಕಡೆ, ರೌಟರ್ ಇತ್ತು. ಅಲ್ಲಿಂದ ಗೋಡೆಯಗುಂಟ ಬಂದ ನೀಲಿ ಕೇಬಲ್ಲು ಜೋಳದ ಡಬ್ಬಿಯ ಹಿಂದೆ ತಿರುಗಿ ಈ ಕೋಣೆಗೆ ಬರುತ್ತಿತ್ತು. ಡಬ್ಬಿ ಸರಿಸಿದಾಗ ಇಲಿ ಕಡಿದ ಜಾಗ ಕಂಡಿತು. ಅದನ್ನು ಯಾರೋ ಹೊಸದಾಗಿ ಕೂಡಿಸಿದ್ದರು.

ಆ ಜೋಡಣೆ ನೋಡಿ ಮಲ್ಲೇಶ್ವರಿ ಕನ್ನಡಕ ಏರಿಸಿಕೊಂಡು ಇನ್ನಷ್ಟು ಹತ್ತಿರ ಬಾಗಿದಳು.

ಒಳಗಿನ ಎಂಟು ಎಳೆಗಳನ್ನು ಒಂದೇ ಕಡೆ ಗಂಟು ಹಾಕಿರಲಿಲ್ಲ. ಒಂದರಿಂದ ಒಂದು ಬೆರಳು ದೂರಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಕೂಡಿಸಿದ್ದರು, ಒಂದರ ಗಂಟು ಇನ್ನೊಂದಕ್ಕೆ ತಾಗದ ಹಾಗೆ. ಮೇಲೆ ಮೇಣ ಸವರಿದ ದಾರ, ಎರಡು ಸುತ್ತು, ಒಂದು ಬಿಗಿ, ಮತ್ತೆ ಎರಡು ಸುತ್ತು. ಈಗಿನ ಹುಡುಗರು ಪ್ಲಾಸ್ಟಿಕ್ ಟೇಪು ಸುತ್ತಿ ಬೈಕು ಹತ್ತುತ್ತಾರೆ. ಮೇಣದ ದಾರ ಜೇಬಿನಲ್ಲಿಟ್ಟುಕೊಂಡು ತಿರುಗುವವರು ಟೆಲಿಫೋನಿನ ಹಳೆಯ ಲೈನ್‌ಮನ್‌ಗಳು ಮಾತ್ರ.

ಫಿರ್ದೌಸ್ ಆಗ ಇನ್ನೊಂದು ಮಾತು ನೆನಪಿಸಿಕೊಂಡಳು. ಬಂದವನು ನಂಬರುಗಳನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ಕೀಬೋರ್ಡಿನ ಕೆಳಗೆ ಬಿಟ್ಟುಹೋಗಿದ್ದನಂತೆ. ಅದು ತಪ್ಪಾಗಿ ಬರೆದದ್ದು, ಯಾರೋ ಅರೆಬರೆ ಕಲಿತವನು ಎಂದು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಚೀಟಿ ತಂದು ಕೊಟ್ಟಳು.

008 008 008 008.

008 008 004 004.

ಮಲ್ಲೇಶ್ವರಿ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಇದು ಅರೆಬರೆ ಕಲಿತವನ ಬರಹವಲ್ಲ. ಪೂರ್ತಿ ಕಲಿತು, ಮರೆಯಲಾಗದವನ ಬರಹ.

ಆ ಎಕ್ಸ್‌ಚೇಂಜಿನಲ್ಲಿದ್ದ ನಂಬರು ಮುನ್ನೂರು. ಎಂಟನ್ನು ಬರೀ ಎಂಟೆಂದು ಬರೆದರೆ ಗಡಿಬಿಡಿಯಲ್ಲಿ ಪಕ್ಕದ ಅಂಕಿ ಬಂದು ಅಂಟಿಕೊಳ್ಳುತ್ತಿತ್ತು. ಒಮ್ಮೆ ಹೆರಿಗೆಗೆಂದು ಡಾಕ್ಟರರಿಗೆ ಹೋಗಬೇಕಾದ ಕಾಲ್ ಮೆಣಸಿನಕಾಯಿ ವ್ಯಾಪಾರಿಗೆ ಹೋಗಿ, ಆ ಪುಣ್ಯಾತ್ಮ ಬೆಳಗಾ ಮುಂಜಾನೆ ದವಾಖಾನೆಗೆ ಬಂದು ನಿಂತಿದ್ದ. ಅಂದಿನಿಂದ ಸೂಪರ್‌ವೈಜರ್ ಮಲ್ಕಪ್ಪನವರ ಕಾನೂನು: ಯಾವ ನಂಬರಾದರೂ ಮೂರು ಅಂಕಿಯಲ್ಲೇ ಬರೆಯಬೇಕು. ಸೊನ್ನೆ ಮರೆತವರು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಬೇಕು. ಮಲ್ಲೇಶ್ವರಿ ಹೊಸದರಲ್ಲಿ ವಾರಕ್ಕೆ ಎರಡು ಸಲ ತಿನ್ನಿಸಿದ್ದಳು. ಇವತ್ತಿಗೂ ಬಸ್ಸಿನ ಸೀಟು ನಂಬರನ್ನು ಮೂರು ಅಂಕಿಯಲ್ಲಿ ಬರೆಯುತ್ತಾಳೆ.

ಆ ಕಾನೂನಿನಡಿ ದುಡಿದವರು ನಾಲ್ಕು ಜನ. ಮಲ್ಕಪ್ಪನವರು ಹೋದರು. ಇನ್ನೊಬ್ಬ ಆಪರೇಟರ್ ಬಸ್ಸಮ್ಮಳೂ ಹೋದಳು. ಉಳಿದವರಲ್ಲಿ ಒಬ್ಬಳು ಇಲ್ಲಿ ನೆಲದ ಮೇಲೆ ಕೂತಿದ್ದಾಳೆ.

ಅವಳು ಚೀಟಿ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು, ಫಿರ್ದೌಸಳಿಗೆ ಚಪ್ಪಲಿ ಮೆಟ್ಟಲು ಹೇಳಿದಳು. ಎಲ್ಲಿಗೆ ಎಂದು ಅರ್ಜುಮಂದ ಕೇಳಿದರೆ, ಶಹಾಪುರಕ್ಕೆ ಎಂದಷ್ಟೇ ಅಂದು ಹೊರಬಿದ್ದಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಎರಡೂ ಕಡೆ ಕಾಲುವೆ ನೀರಿನ ಭತ್ತ ಕೊಯ್ಲಿಗೆ ಬಂದಿತ್ತು, ಅಲ್ಲಲ್ಲಿ ಹತ್ತಿ ಬಿಡಿಸುತ್ತಿದ್ದರು. ಮಲ್ಲೇಶ್ವರಿ ಹೊಲ ನೋಡುತ್ತಿರಲಿಲ್ಲ. ರಸ್ತೆಗುಂಟ ಇದ್ದ ಟೆಲಿಫೋನ್ ಕಂಬಗಳನ್ನು ಹುಡುಕುತ್ತಿದ್ದಳು. ಒಂದೂ ಇರಲಿಲ್ಲ.

ಆ ಕಂಬಗಳ ತುದಿಯಿಂದಲೇ ಲೈನ್‌ಮನ್ ದ್ಯಾವಪ್ಪ ಅವಳ ಜೊತೆ ಮಾತಾಡುತ್ತಿದ್ದ. ಟೆಸ್ಟ್ ಫೋನು ಹಚ್ಚಿ, ಬಾಯಾರ, ಕೇಳಾಕತ್ತದೇನ್ರಿ, ಎನ್ನುತ್ತಿದ್ದ. ಗಾಳಿಯ ಸದ್ದಿನ ನಡುವೆ ಅವನ ದನಿ ಬರುತ್ತಿತ್ತು. ಕೇಳಾಕತ್ತದ ಎಂದರೂ ಇಳಿಯುತ್ತಿರಲಿಲ್ಲ. ಯಾವ ಹೊಲದಲ್ಲಿ ಏನು ಬೆಳೆ, ಯಾರ ಎತ್ತು ಯಾರ ಬದುವಿಗೆ ನುಗ್ಗಿದೆ, ಎಲ್ಲ ವರದಿ ಕೊಟ್ಟೇ ಇಳಿಯುತ್ತಿದ್ದ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವಳಿಗೆ ಮಳೆ ಬಂದದ್ದೂ ಅವನಿಂದಲೇ ತಿಳಿಯುತ್ತಿತ್ತು. ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಅವಳಿಗೆ ಅನ್ನಿಸಿತು. ಅಂಥವನನ್ನು ಈಗ ಕಳ್ಳನೆಂದು ಹಿಡಿಯಲು ಹೊರಟಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮನಸ್ಸು ತಡೆಯದೆ ಫಿರ್ದೌಸಳನ್ನು ಕೇಳಿದಳು. ಭಾನುವಾರ ಅತ್ತೆಯ ಫೋನು ಬಂದಾಗ ಅಂಗಡಿಯಲ್ಲಿ ಯಾರಿದ್ದರು?

ಫಿರ್ದೌಸ್ ಯೋಚಿಸಿ ಹೇಳಿದಳು. ನವೆಂಬರ್ ಬಂತೆಂದರೆ ಪೆನ್ಷನ್ನಿನವರ ಗದ್ದಲ, ತಾವು ಬದುಕಿದ್ದೇವೆಂದು ಸರ್ಟಿಫಿಕೇಟು ಮಾಡಿಸಲು ಬರುತ್ತಾರೆ, ಭಾನುವಾರವೂ ಅಂಗಡಿ ಮುಚ್ಚಲು ಬಿಡುವುದಿಲ್ಲ. ಅವರಲ್ಲಿ ಒಬ್ಬರು ನಾಲ್ಕು ದಿನದಿಂದ ಬರುತ್ತಿದ್ದಾರೆ. ವೈರು ಎಳೆದು ಎಳೆದು ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ, ಮಶೀನು ಅವರ ಹೆಬ್ಬೆಟ್ಟು ಒಪ್ಪುವುದೇ ಇಲ್ಲ. ಪಾಪ, ಅವತ್ತೂ ಬೆಂಚಿನ ಮೇಲೆ ಕೂತಿದ್ದರು. ಅತ್ತೆ ಫೋನಿನಲ್ಲಿ ಜೋರಾಗಿ, ನಲವತ್ತೊಂದು ಕ್ಯಾಸೆಟ್ಟು ಇನ್ನೂ ಇಳಿಯುತ್ತಿಲ್ಲ ಎಂದದ್ದು ಅವರಿಗೂ ಕೇಳಿರಬೇಕು. ಫೋನು ಮುಗಿಯುವಷ್ಟರಲ್ಲಿ ಎದ್ದು ಹೋಗಿದ್ದರು. ಹೆಸರು ದ್ಯಾವಪ್ಪ.

ಮಲ್ಲೇಶ್ವರಿ ಹೂಂ ಎಂದು ಕಿಟಕಿಯ ಕಡೆ ತಿರುಗಿದಳು.

ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡ ಕಾಣುವ ಓಣಿಯಲ್ಲಿ ದ್ಯಾವಪ್ಪನ ಮನೆ. ಅವನು ಅಂಗಳದಲ್ಲಿ ಮಲ್ಲಿಗೆ ಬಳ್ಳಿಯನ್ನು ಕೋಲಿಗೆ ಕಟ್ಟುತ್ತಿದ್ದ. ಎರಡು ಸುತ್ತು, ಒಂದು ಬಿಗಿ, ಮತ್ತೆ ಎರಡು ಸುತ್ತು. ತಲೆಯೆತ್ತಿ ಮಲ್ಲೇಶ್ವರಿಯನ್ನು ನೋಡಿದ, ಹಿಂದೆ ನಿಂತ ಫಿರ್ದೌಸಳನ್ನು ನೋಡಿದ. ದಾರದ ಉಂಡೆ ಕೈಯಿಂದ ಜಾರಿತು.

ಹೆಂಡತಿ ಮೋನಮ್ಮ ಬಾಯ್ತುಂಬ ಕರೆದು ಒಳಗೆ ಕೂರಿಸಿದಳು. ಎಷ್ಟು ವರ್ಷ ಆಯಿತು, ಸಣ್ಣಗಾಗಿದ್ದೀರಿ, ಮಕ್ಕಳೆಲ್ಲಿ ಎಂದು ಕೇಳಿ ಚಾಕ್ಕೆ ಇಡಲು ಹೋದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಎಕ್ಸ್‌ಚೇಂಜಿನ ಮುಂದೆ ನಾಲ್ವರೂ ನಿಂತು ತೆಗೆಸಿಕೊಂಡ ಫೋಟೋ. ಮಲ್ಲೇಶ್ವರಿ ಅದರ ಕಡೆ ನೋಡದೆ ಚೀಟಿ ತೆಗೆದು ನೆಲದ ಮೇಲಿಟ್ಟಳು.

"ಭಜಿ ತಿನ್ನಿಸೋ ಜರೂರತ್ ಬೀಳಲಿಲ್ಲ ನೋಡು," ಎಂದಳು. "ಸೊನ್ನಿ ಒಂದೂ ಬಿಟ್ಟಿಲ್ಲ ನೀನು."

ದ್ಯಾವಪ್ಪ ನಗಲು ನೋಡಿದ. ಆಗಲಿಲ್ಲ. ಅಲ್ಲ ಎಂದು ವಾದಿಸುವ ಗೋಜಿಗೂ ಹೋಗಲಿಲ್ಲ.

"ನಂದೇರಿ," ಎಂದ.

ಯಾಕೆ ಕದ್ದೆ ಎಂದು ಅವಳು ಕೇಳಲಿಲ್ಲ. ಕದ್ದು ಬರುವವನು ಇಲಿ ಕಡಿದ ಕೇಬಲ್ಲನ್ನು ಅಷ್ಟು ಚಂದಗೆ ಯಾಕೆ ಕೂಡಿಸಿದೆ ಎಂದು ಕೇಳಿದಳು. ಕೆಟ್ಟ ಜೋಡಣೆ ಕಣ್ಣಿಗೆ ಬಿದ್ದರೆ ಬಿಟ್ಟು ಬರಲು ಕೈ ಕೇಳುವುದಿಲ್ಲ, ಎಂದ ದ್ಯಾವಪ್ಪ. ಹೋದವನು ಪದಗಳನ್ನೆಲ್ಲ ಇಳಿಸಿಕೊಂಡು, ಪೆನ್‌ಡ್ರೈವಿಗೆ ತುಂಬಿಕೊಂಡು, ಆಮೇಲೆ ಅಳಿಸಿದ್ದ. ಒಂದೂ ಹಾಳಾಗಿಲ್ಲ. ಮೋಡೆಮ್ಮು ಬಂದ ಹೊಸದರಲ್ಲಿ ಮನೆಮನೆಗೆ ಹೋಗಿ ಡಿಎನ್‌ಎಸ್ ತುಂಬಿದವನು ಅವನು, ಅಷ್ಟು ಕಂಪ್ಯೂಟರು ಅವನಿಗೆ ಬರುತ್ತಿತ್ತು. ಗುರುವಾರ ಹೇಗಾದರೂ ಮಾಡಿ ನಲವತ್ತನ್ನು ಮುಟ್ಟಿಸಬೇಕೆಂದಿದ್ದ. ಫಿರ್ದೌಸಳ ತಲೆಗೆ ಬರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಅದನ್ನು ಕೇಳಿದಾಗ ಅವನ ಮುಖ ಸಣ್ಣಗಾಯಿತು, ಅವಳ ಮುಂದೆ ಕೈಮುಗಿದ.

"ನಲವತ್ತು ಯಾಕ?" ಎಂದಳು ಮಲ್ಲೇಶ್ವರಿ. "ಇರೋದು ನಲವತ್ತೊಂದು."

"ಹತ್ತೊಂಬತ್ತನೇದು ಕೊಡಂಗಿಲ್ರಿ."

ಒಂದನ್ನೇ ಅಳಿಸಿದ್ದರೆ ಎಲ್ಲರೂ ಆ ಒಂದರ ಬೆನ್ನು ಹತ್ತುತ್ತಿದ್ದರು, ಅದಕ್ಕೆ ಎಲ್ಲವನ್ನೂ ತೆಗೆದೆ ಎಂದ. ಅದರಲ್ಲಿ ಏನಿದೆ ಎಂದರೆ ತಲೆ ಅಲ್ಲಾಡಿಸಿದ. ಮಲ್ಲೇಶ್ವರಿ ಗದರಿದಳು, ಹಳೆಯ ಗೆಳೆತನ ಮುಂದೆ ತಂದಳು, ಐದು ಗಂಟೆಯ ಮಾತು ಹೇಳಿದಳು. ಕೊನೆಗೆ ಫಿರ್ದೌಸ್, ನನ್ನ ಸಲುವಾಗಿಯಾದರೂ ಹೇಳಿರಿ ಕಾಕಾ, ಎಂದದ್ದಕ್ಕೆ ಅವನು ಎದ್ದು ಒಳಗಿನಿಂದ ಫೋನು, ಪೆನ್‌ಡ್ರೈವು ತಂದ.

"ಕೇಳಿದ್ಮ್ಯಾಲ ಯಾಕ ಕೇಳಿಸ್ದಿ ಅಂತ ನನಗ ಬೈಬ್ಯಾಡ್ರಿ ಬಾಯಾರ. ಇದ್ರಾಗ ನಿಮ್ ದನಿ ಅದ."

ಮೊದಲು ಕರಕರ ಸದ್ದು. ಆಮೇಲೆ ಒಂದು ಕೋಣೆಯ ಸದ್ದು, ಆ ಕೋಣೆ ಯಾವುದೆಂದು ಮಲ್ಲೇಶ್ವರಿಗೆ ಕೂಡಲೇ ತಿಳಿಯಿತು. ಬೋರ್ಡಿನ ಮೇಲೆ ಮುಚ್ಚಳಗಳು ಟಪಟಪ ಬೀಳುತ್ತಿದ್ದವು, ಒಂದೊಂದು ಮುಚ್ಚಳ ಬಿದ್ದರೂ ಒಬ್ಬೊಬ್ಬರು ಕರೆಯುತ್ತಿದ್ದಾರೆಂದು ಅರ್ಥ. ಮಲ್ಕಪ್ಪನವರ ಕೆಮ್ಮು. ಹೊರಗೆ ಕುದುರೆಗಾಡಿಯ ಗಂಟೆ. ನಡುವೆ ಒಂದು ಹುಡುಗಿಯ ದನಿ, ಚುರುಕು, ಕೊಂಚ ಸೊಕ್ಕು, ಹಲೋ ಹಲೋ ಎನ್ನುತ್ತಿತ್ತು. ಮಲ್ಲೇಶ್ವರಿಯ ಕಣ್ಣು ತುಂಬಿಬಂತು. ತಾನು ಹೀಗಿದ್ದೆನೇ ಎಂದು ನಂಬಲಾಗಲಿಲ್ಲ.

ಸುಲ್ತಾನಸಾಬ ಅವತ್ತು ಹೆಡ್‌ಸೆಟ್ ರಿಪೇರಿಗೆ ಬಂದಿದ್ದ, ಎಂದ ದ್ಯಾವಪ್ಪ ಮೆಲ್ಲಗೆ. ದನಿ ಸರಿಯಾಯಿತೇ ಎಂದು ನೋಡಲು ಲೈನಿಗೆ ಟೇಪ್ ಹಚ್ಚಿದ್ದ. ನಿಲ್ಲಿಸಲು ಮರೆತಿದ್ದ.

ಫೋನಿನಲ್ಲಿ ಈಗ ದೂರದ ಒಬ್ಬ ಗಂಡಸು ಮಾತಾಡುತ್ತಿದ್ದ. ಕಲಬುರಗಿಯಿಂದ ಟ್ರಂಕ್ ಕಾಲ್. ರಂಗಂಪೇಟೆ ರೇಡಿಯೋ ಅಂಗಡಿ ಹಚ್ಚಿರಿ, ನನ್ನ ತಂಗಿ ಖುರ್ಷೀದಳಿಗೆ ಹೇಳಬೇಕು, ಅಮ್ಮ ಇನ್ನು ಉಳಿಯುವುದಿಲ್ಲ, ಅವಳ ಹೆಸರನ್ನೇ ಕರೆಯುತ್ತಿದ್ದಾಳೆ, ಎಂದು ಅಳುತ್ತಿದ್ದ. ಹುಡುಗಿಯ ದನಿ, ಹಚ್ತೀನಿ ಇರ್ರಿ, ಎಂದಿತು.

ಆಮೇಲೆ ಹತ್ತಿರದಲ್ಲೇ, ಟೇಪಿಗೆ ಬಾಯಿಟ್ಟ ಹಾಗೆ, ಇನ್ನೊಂದು ದನಿ.

"ಹಚ್ಚಬ್ಯಾಡ್ರಿ ಬಾಯಿ. ಈಗ ಮನಿಗೇ ಹೊಂಟೀನಿ. ನಾನೇ ಹೇಳ್ತೀನಿ."

ಫಿರ್ದೌಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಮಾವನ ದನಿ ಅದು.

ಮಲ್ಲೇಶ್ವರಿಗೆ ಮುಂದಿನದನ್ನು ಕೇಳಬೇಕಿರಲಿಲ್ಲ, ಆದರೂ ಕೇಳಿಸಿತು. ಆಗಿನ ಟ್ರಂಕ್ ಕಾಲ್ ಚೀಟಿಯಲ್ಲಿ ಇದ್ದದ್ದು ಎರಡೇ ಖಾನೆ, ಸಿಕ್ಕಿತು, ಇಲ್ಲವೇ ಉತ್ತರವಿಲ್ಲ. ಗಂಡನೇ ಎದುರಿಗಿದ್ದಾನೆ, ಹೋಗಿ ಹೇಳುತ್ತಾನೆ ಎಂದು ಬರೆಯಲು ಜಾಗವಿರಲಿಲ್ಲ. ಹುಡುಗಿ ತಡಮಾಡದೆ ಕಲಬುರಗಿಗೆ ಹೇಳಿದಳು, ಯಾರೂ ಎತ್ತವಲ್ರು. ಮುಚ್ಚಳ ಬಿತ್ತು. ಮುಂದಿನ ಕಾಲ್.

ಅಂಥ ನೂರಾರು ಟ್ರಂಕ್ ಕಾಲ್‌ಗಳಲ್ಲಿ ಒಂದು. ಅದೇ ವಾರ ಅವಳಿಗೆ ಯಾದಗಿರಿಗೆ ವರ್ಗವಾಗಿತ್ತು. ಆ ಕರೆಯನ್ನು ಅವಳು ಮರೆತೇಬಿಟ್ಟಿದ್ದಳು.

"ಅವ ಹೇಳಲೇ ಇಲ್ರಿ," ಎಂದ ದ್ಯಾವಪ್ಪ. "ಆಕಿಗೆ ಗೊತ್ತಾಗಿದ್ದು ಮಣ್ಣಾದ ಮೂರು ದಿನಕ್ಕ. ತವರಿನವರು ತಿಳಿಸಲಿಲ್ಲ ಅಂತ ಆಕಿ, ತಂಗಿ ಫೋನೇ ಎತ್ತಲಿಲ್ಲ ಅಂತ ಅಣ್ಣ. ಮೂವತ್ತಮೂರು ವರ್ಷ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅಣ್ಣ ಇನ್ನೂ ಹಾನ, ಕಲಬುರಗ್ಯಾಗ."

ಮಲ್ಲೇಶ್ವರಿ ತಲೆ ಬಗ್ಗಿಸಿ ಕೂತಳು. ಒಂದು ಸಲ ಗಂಟೆ ಬಾರಿಸಿದ್ದರೆ ಸಾಕಿತ್ತು. ಅಷ್ಟು ಮಾಡದೆ ಸುಳ್ಳು ಹೇಳಿದವಳು ತಾನೇ, ಬೇರೆ ಯಾರೂ ಅಲ್ಲ. ನಾಚಿಕೆಯಿಂದ ಅವಳಿಗೆ ಫಿರ್ದೌಸಳ ಕಡೆ ನೋಡಲಾಗಲಿಲ್ಲ. ಸುಲ್ತಾನ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅದು ತನಗೂ ಗೊತ್ತಿಲ್ಲ ಎಂದ ದ್ಯಾವಪ್ಪ. ಸಾಯುವ ಎರಡು ತಿಂಗಳ ಮೊದಲು ಕರೆಸಿಕೊಂಡು, ಹತ್ತೊಂಬತ್ತನೆಯ ಕ್ಯಾಸೆಟ್ಟಿನ ಹಿಂಬದಿಯಲ್ಲಿ ನನ್ನ ಪಾಪ ಇದೆ, ಅದನ್ನು ಅಳಿಸಿಬಿಡು ಎಂದು ಸುಲ್ತಾನಸಾಬ ಬೇಡಿಕೊಂಡಿದ್ದನಂತೆ. ಅಷ್ಟರಲ್ಲಿ ಕ್ಯಾಸೆಟ್ಟುಗಳು ಯಾದಗಿರಿಗೆ ಹೋಗಿದ್ದವು. ಇಳಿಸಿದ ಮಗಳು ಎರಡೂ ಬದಿ ಪೂರ್ತಿ ಕೇಳಿರಲಿಲ್ಲ.

ಈಗ ಲೆಕ್ಕ ಸುಲಭವಿತ್ತು. ನಲವತ್ತು ಒಯ್ದು ಕೊಟ್ಟರೆ ಶುಕ್ರವಾರ ಮನೆ ತುಂಬ ಸುಲ್ತಾನಸಾಬನ ದನಿ. ಫಿರ್ದೌಸಳ ಮಾನ ಉಳಿಯುತ್ತದೆ, ಮಲ್ಲೇಶ್ವರಿಯದೂ ಉಳಿಯುತ್ತದೆ. ಒಂದು ಹಾಳಾಯಿತು ಎಂದರೆ ಯಾರೂ ಕೇಳುವುದಿಲ್ಲ. ಕಣ್ಣು ಕಾಣದ ಮುದುಕಿ ಗಂಡನನ್ನು ಹಾಗೇ ಪ್ರೀತಿಸಿಕೊಂಡು ಹೋಗಿಬಿಡುತ್ತಾಳೆ, ಅಣ್ಣನನ್ನು ಹಾಗೇ ಶಪಿಸಿಕೊಂಡು.

ಫಿರ್ದೌಸಳ ಮೊಬೈಲ್ ಬಡಿದುಕೊಂಡಿತು. ಅವಳು ನೋಡಿ, ಅಮ್ಮೀ, ಎಂದು ತುಟಿಯಲ್ಲೇ ಹೇಳಿ ಮಲ್ಲೇಶ್ವರಿಯ ಕೈಗೆ ಕೊಟ್ಟಳು. ಕೋಣೆ ಸಣ್ಣದು, ಮಾತು ಎಲ್ಲರಿಗೂ ಕೇಳುತ್ತಿತ್ತು.

ದನಿ ಸಿಕ್ಕಿತೇ ಎಂದು ಕೇಳಿದಳು ಖುರ್ಷೀದಬೇಗಂ. ಸಿಕ್ಕಿತು ಎಂದಳು ಮಲ್ಲೇಶ್ವರಿ. ಅತ್ತ ಕಡೆ ಮುದುಕಿ ಅಳತೊಡಗಿದಳು, ಅಲ್ಲಾಹನನ್ನು ನೆನೆದಳು, ಸೊಸೆಯನ್ನು ಹರಸಿದಳು. ನಲವತ್ತು ಸಿಕ್ಕಿವೆ, ಒಂದು ಇಲ್ಲ ಎಂದು ಹೇಳಲು ಮಲ್ಲೇಶ್ವರಿ ಬಾಯಿ ತೆರೆಯುವಷ್ಟರಲ್ಲಿ ಖುರ್ಷೀದಬೇಗಂಳೇ ಮುಂದುವರಿಸಿದಳು. ಮಗಳಿಗೆ ಕೇಳಬಾರದೆಂದೋ ಏನೋ, ದನಿ ತೀರ ಇಳಿದಿತ್ತು.

"ಎಲ್ಲಾ ಬರದಿದ್ರೂ ನಡೀತದ್ರಿ. ಹತ್ತೊಂಬತ್ತನೇದು ಒಂದು ಬಂದ್ರ ಸಾಕು. ಹೋಗೋ ದಿನ ನನ್ನ ಕೈ ಹಿಡಕೊಂಡು ಹೇಳ್ಯಾರ ಅವರು, ಅದರ ಹಿಂದಿನ ಬದಿ ಕೇಳು, ಯಾರ್ ಬ್ಯಾಡಂದ್ರೂ ಕೇಳು ಅಂತ. ಅದರ ಸಲುವಾಗೇ ಇಷ್ಟೆಲ್ಲಾ ಇಳಸಾಕ ಹಚ್ಚಿದ್ದು ನಾನು."

ಮಲ್ಲೇಶ್ವರಿ ಫೋನನ್ನು ಎದೆಗೆ ಒತ್ತಿ ಹಿಡಿದು ತಿರುಗಿದಳು. ದ್ಯಾವಪ್ಪನ ಮುಷ್ಟಿ ಪೆನ್‌ಡ್ರೈವಿನ ಮೇಲೆ ಬಿಗಿದಿತ್ತು. ಬಾಗಿಲಲ್ಲಿ ಚಾದ ತಟ್ಟೆ ಹಿಡಿದು ನಿಂತಿದ್ದ ಮೋನಮ್ಮ ಒಳಗೆ ಬಾರದೆ ಗಂಡನ ಮುಖವನ್ನೇ ನೋಡುತ್ತಿದ್ದಳು.

"ದ್ಯಾವಪ್ಪ," ಎಂದಳು ಮಲ್ಲೇಶ್ವರಿ, "ಆಕಿಗೆ ಕೇಳು ಅಂತ ಹೇಳಿ ಹೋದವ ನಿನಗ ಅಳಿಸು ಅಂದಾನೇನು? ಖರೇ ಹೇಳು, ಅಳಿಸು ಅಂತ ನಿನಗ ಹೇಳಿದವರು ಯಾರು?"